ಹೆಂಗಸು ಯಾವ ಸೀಟಿನಲ್ಲಿ, ಉಟ್ಟಿದ್ದು ಏನು?

ಕಾರಿನ ಜಾಹೀರಾತು ಬಂದರೆ ನಾನು ಮೊದಲು ನೋಡುವುದು ಹೆಂಗಸು ಯಾವ ಸೀಟಿನಲ್ಲಿ ಕೂತಿದ್ದಾಳೆ ಅಂತ. ಆಮೇಲೆ ಏನು ಹಾಕಿದ್ದಾಳೆ ಅಂತ. ಎರಡಕ್ಕೂ ನಂಟಿದೆ. ಕೂದಲು ಬಿಟ್ಟುಕೊಂಡು, ದುಪಟ್ಟಾ ಕಿಟಕಿಯಾಚೆ ಹಾರಿಸುತ್ತಿದ್ದರೆ ಅವಳು ಪಕ್ಕದ ಸೀಟಿನವಳು ಅಂತಲೇ ಲೆಕ್ಕ. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿಂದ ಲಾರಿ ಬಂದಾಗ ಕೂದಲು ಹಾಗೆ ಮುಖಕ್ಕೆ ಬಿದ್ದರೆ ಏನು ಗತಿ?

ಕೊಡಗಿನಲ್ಲಿ ಹೆಂಗಸರು ಗಾಡಿ ಓಡಿಸುವುದು ಸುದ್ದಿಯೇ ಅಲ್ಲ. ಗಂಬೂಟು, ಹಳೇ ಸ್ವೆಟರ್, ತಲೆಗೊಂದು ಬಟ್ಟೆ ಕಟ್ಟಿಕೊಂಡು, ಗೊಬ್ಬರದ ಚೀಲ ತುಂಬಿದ ಜೀಪನ್ನು ಗೋಣಿಕೊಪ್ಪದ ಇಕ್ಕಟ್ಟಿನಲ್ಲಿ ಒಂದೇ ಏಟಿಗೆ ರಿವರ್ಸ್ ತೆಗೆಯುವವರನ್ನು ನೋಡಿಕೊಂಡೇ ಬೆಳೆದವಳು ನಾನು. ಮದುವೆ ಇದ್ದರೆ ಅವರೇ ರೇಷ್ಮೆ ಸೀರೆ ಉಟ್ಟು ಅದೇ ಜೀಪು ಹತ್ತುತ್ತಾರೆ. ಕೊಡವ ಸೀರೆಯ ನೆರಿಗೆ ಹಿಂದಕ್ಕಿರುತ್ತದಲ್ಲ, ಕ್ಲಚ್ ತುಳಿಯುವಾಗ ಕಾಲಿಗೆ ಸಿಕ್ಕಿಕೊಳ್ಳುವ ರಗಳೆಯೇ ಇಲ್ಲ. ಇದನ್ನು ಯಾರಾದರೂ ಜಾಹೀರಾತಿನಲ್ಲಿ ತೋರಿಸಲಿ ನೋಡೋಣ!

ಕಾರಿನವರು ಹೆಂಗಸರಿಗೆ ಬಟ್ಟೆಬರೆ ತೋರಿಸಿ ಮಾರಲು ಹೋಗಿದ್ದು ಹೊಸದೇನಲ್ಲ. 1955ರಲ್ಲಿ ಅಮೆರಿಕದ ಡಾಜ್ ಕಂಪನಿ 'ಲಾ ಫಾಮ್' ಅಂತ ಒಂದು ಗುಲಾಬಿ ಬಿಳಿ ಕಾರು ತಂದಿತು. ಜೊತೆಗೆ ಅದೇ ಬಣ್ಣದ ಹ್ಯಾಂಡ್‌ಬ್ಯಾಗ್, ಲಿಪ್‌ಸ್ಟಿಕ್ ಡಬ್ಬಿ, ರೇನ್‌ಕೋಟ್, ಕೊಡೆ. ಬಾನೆಟ್ ತೆಗೆದರೆ ಮಾಮೂಲಿ ಡಾಜ್ ಕಾರೇ. ಎರಡು ವರ್ಷಕ್ಕೆ ಅಂಗಡಿ ಬಂದ್. ಪಾಪ, ಆ ಕೊಡೆ ಮಾತ್ರ ನಮ್ಮ ಕಡೆ ಚೆನ್ನಾಗಿ ಖರ್ಚಾಗುತ್ತಿತ್ತು.

ನನಗೆ ಮರೆಯಲಾಗದ್ದು 1987ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಾಹೀರಾತು, ಬ್ರಿಟನ್ನಿನದು. ಪೌಲಾ ಹ್ಯಾಮಿಲ್ಟನ್ ಅನ್ನುವ ಮಾಡೆಲ್ ಗಂಡನ ಮನೆಯಿಂದ ಹೊರಬೀಳುತ್ತಾಳೆ. ಉಂಗುರ ತೆಗೆದು ಬಾಗಿಲ ಸಂದಿಗೆ ತುರುಕುತ್ತಾಳೆ, ತುಪ್ಪಳದ ಕೋಟನ್ನೂ ಬಿಟ್ಟು ನಡೆಯುತ್ತಾಳೆ. ಎಲ್ಲ ಕೊಟ್ಟಾದ ಮೇಲೆ ಕೈಯಲ್ಲಿ ಕಾರಿನ ಕೀ ಉಳಿಯುತ್ತದೆ. ಅದನ್ನೂ ಎಸೆಯಬೇಕು ಅನ್ನುವಷ್ಟರಲ್ಲಿ ಮನಸ್ಸು ಬದಲಾಯಿಸಿ, ಸಣ್ಣಗೆ ನಕ್ಕು, ಗಾಡಿ ಹತ್ತಿ ಹೋಗಿಬಿಡುತ್ತಾಳೆ. ಅಲ್ಲೂ ಫ್ಯಾಷನ್ ಇದೆ, ಭರ್ಜರಿಯಾಗೇ ಇದೆ, ಆದರೆ ಒಂದೊಂದು ವಸ್ತು ಬಿಚ್ಚಿಟ್ಟಾಗಲೂ ಕಥೆ ಮುಂದೆ ಹೋಗುತ್ತದೆ. ಸುಮ್ನೆ ಚಂದಕ್ಕೆ ಹಾಕಿದ್ದಲ್ಲ.

ಇದಕ್ಕೆ ತೀರಾ ಉಲ್ಟಾ, 2017ರಲ್ಲಿ ಚೀನಾದಲ್ಲಿ ಬಂದ ಆಡಿ ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತು. ಮದುವೆ ನಡೆಯುತ್ತಿರುವಾಗ ಅತ್ತೆ ಬಂದು ಬಿಳಿ ಗೌನಿನ ಮದುಮಗಳ ಮೂಗು ಹಿಡಿದು, ಕಿವಿ ಎಳೆದು, ಹಳೇ ಕಾರು ಪರೀಕ್ಷಿಸುವ ಹಾಗೆ ಬಾಯಿ ತೆರೆಸಿ ಹಲ್ಲು ನೋಡುತ್ತಾಳೆ! ಜನ ಉಗಿದರು, ಕಂಪನಿ ಕ್ಷಮೆ ಕೇಳಿತು. ಹೆಣ್ಣು ನೋಡುವ ಶಾಸ್ತ್ರದ ಹೆಸರಲ್ಲಿ ಹತ್ತಾರು ಕಣ್ಣುಗಳ ಮುಂದೆ ಕಾಫಿ ಲೋಟ ಹಿಡಿದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಂಗಸಿನ ಉಡುಪು ಕಾರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಕಥೆಯೂ ಇದೆ. 1888ರಲ್ಲಿ ಬೆರ್ತಾ ಬೆಂಜ್ ಅನ್ನುವವಳು ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡು ಮಕ್ಕಳನ್ನು ಕರೆದುಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್, ಅವನೇ ಮಾಡಿದ ಕಾರು ಓಡಿಸಿದಳು. ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಸರಿಮಾಡಿದಳಂತೆ. ಕಾರಿನ ವೈರ್‌ಗೆ ಕಾಲುಚೀಲದ ಪಟ್ಟಿ ಸುತ್ತಿದಳಂತೆ. 2019ರಲ್ಲಿ ಮರ್ಸಿಡಿಸ್‌ನವರು ಅವಳ ಪ್ರಯಾಣದ ಮೇಲೆ ಒಂದು ಜಾಹೀರಾತು ಚಿತ್ರ ಮಾಡಿದರು. ಮೈತುಂಬ ಉದ್ದ ಲಂಗ, ಅದರ ಮೇಲೆಲ್ಲ ಧೂಳು. ನನಗೆ ಬಹಳ ಇಷ್ಟವಾಯಿತು.

ಈಗೀಗ ನಮ್ಮ ಟಿವಿಯಲ್ಲೂ ಹೆಂಗಸು ಸ್ಟೀರಿಂಗ್ ಹಿಡಿದಿರುತ್ತಾಳೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಬಿಳಿ ಪ್ಯಾಂಟು, ಹೈ ಹೀಲ್ಸು, ಒಂದು ನಾಯಿಯೂ ಅಡ್ಡ ಬರದ ರಸ್ತೆ ಇದೆಯಲ್ಲ, ಅದೇ ನಂಬಿಕೆ ಬರುವುದಿಲ್ಲ. ಜುಲೈಯಲ್ಲಿ ನಮ್ಮ ತೋಟದ ಕೆಸರಿನಲ್ಲಿ ಆ ಪ್ಯಾಂಟು ಗೇಟಿನವರೆಗೂ ಬಿಳಿಯಾಗಿ ಉಳಿಯುವುದಿಲ್ಲ ಮಾರಾಯ್ರೇ.