ನೋವಾ, ಭಯಾನಾ?

"ನೋವಾದ್ರೆ ಎಡಗೈ ಎತ್ತಿ ಸಾರ್" ಅಂದಿದ್ದರು ಹಲ್ಲಿನ ಡಾಕ್ಟರಮ್ಮ. ಮಂಗಳವಾರದಿಂದ ಈ ಕೈ ಎತ್ತಿದ ವಿಷಯವೇ ತಲೆಯಲ್ಲಿ ಸುತ್ತುತ್ತಿದೆ.

ಕೆಳಗಿನ ದವಡೆ ಹಲ್ಲು. ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು. ಲವಂಗ ಅದುಮಿಟ್ಟುಕೊಂಡು, ಇನ್ನೊಂದು ಕಡೆ ಅಗಿದುಕೊಂಡು ಎಂಟು ತಿಂಗಳು ದೂಡಿದ್ದೆ. ಅರ್ಧ ತಪ್ಪು ಪಕ್ಕದ ಮನೆ ಅಂಕಲ್‌ದು. "ಡ್ರಿಲ್ಲು ನೆತ್ತಿಗೇ ಹತ್ತುತ್ತೆ ಕಣಯ್ಯಾ" ಅಂತ ಹೆದರಿಸಿದ್ದರು. ಅವರು ಮಾಡಿಸಿಕೊಂಡಿದ್ದು ನನ್ನ ಹಾಗೆ ಹುಳುಕು ತುಂಬಿಸೋ ಫಿಲ್ಲಿಂಗ್ ಅಲ್ಲ, ಹಲ್ಲಿನೊಳಗಿನ ನರ ತೆಗೆಯೋ ರೂಟ್ ಕೆನಾಲ್. ಅದೂ ಕೆನ್ನೆ ಊದಿಕೊಂಡ ಮೇಲೆ. ಪುಣ್ಯಾತ್ಮ, ಅದನ್ನು ಹೇಳಲೇ ಇಲ್ಲ.

ಒಸಡಿಗೆ ಮೊದಲು ಜೆಲ್ ಸವರಿದರು. ಸೂಜಿ ಇರುವೆ ಕಚ್ಚಿದಷ್ಟು. ಎದೆ ಮಾತ್ರ ಡವಡವ. ಮದ್ದಿನಲ್ಲಿ ಅಡ್ರಿನಲಿನ್ ಇರುತ್ತೆ, ಕೆಲವರಿಗೆ ಹಾಗಾಗುತ್ತೆ ಅಂದರು. ಸ್ವಲ್ಪ ಹೊತ್ತಿಗೆ ಅರ್ಧ ತುಟಿ ನನ್ನದಲ್ಲ ಅನ್ನಿಸಿತು.

ಕೊಯ್ಯೋ ಅಂತ ಡ್ರಿಲ್ಲು ಶುರುವಾದದ್ದೇ ತಡ, ನನ್ನ ಕೈ ಮೇಲೆದ್ದಿತ್ತು!

"ಇನ್ನೂ ತಾಗಿಸೇ ಇಲ್ಲ ಸಾರ್. ನೋವಾ, ಭಯಾನಾ?"

ಬಾಯ್ತುಂಬ ಹತ್ತಿ, ಜೊಲ್ಲು ಎಳೆಯೋ ಪೈಪು. "ಹ್ಹಾ" ಅಂದೆ. ಆಕೆ ನಗಲಿಲ್ಲ. ಮೆಷಿನ್ ಕೆಳಗಿಟ್ಟು ಸುಮ್ನೆ ಕಾದರು.

ನಾನು ಚಿಕ್ಕವನಿದ್ದಾಗ ಹಲ್ಲು ಕಿತ್ತವರು ತೊಡೆಗೆ ಒಂದು ಬಿಟ್ಟು "ಗಂಡು ಹುಡುಗ ಅಳ್ತಾನೇನೋ" ಅಂದಿದ್ದರು. ಅಪ್ಪ ಪಕ್ಕದಲ್ಲೇ ನಿಂತು ನಕ್ಕಿದ್ದ. ಅದೇ ಅಪ್ಪ ಕೊನೆವರೆಗೂ ಶುಗರ್ ಟೆಸ್ಟಿಗೆ ಬೆರಳು ಕೊಡಲಿಲ್ಲ. ಮುದುಕನ ಹಠ ಅಂತ ಎಷ್ಟು ಬೈದಿದ್ದೆವು! ಸೂಜಿ ಕಂಡರೆ ಹೆದರಿಕೆ ಇತ್ತೇನೋ. ನೋವಾ, ಭಯಾನಾ ಅಂತ ಒಬ್ಬರಾದರೂ ಕೇಳಬಹುದಿತ್ತು. ನಾನೇ ಕೇಳಬಹುದಿತ್ತು.

ನಿಜವಾದ ನೋವೂ ಒಮ್ಮೆ ಬಂತು. ಹಲ್ಲಿನ ಹೊರಪದರಕ್ಕೆ ನರ ಇಲ್ಲ, ಹುಳುಕು ಆಳಕ್ಕಿಳಿದಷ್ಟೂ ನರ ಹತ್ತಿರ. ಅಲ್ಲಿ ಸುರ್ ಅಂತು. ಕೈ ಎತ್ತಿದೆ. ತಕ್ಷಣ ನಿಲ್ಲಿಸಿ, ಇನ್ನಷ್ಟು ಮದ್ದು ಕೊಟ್ಟರು. ಆಮೇಲೆ ಬರೀ ಗಡಗಡ, ಸುಟ್ಟ ವಾಸನೆ. ಸಿಮೆಂಟ್ ತುಂಬಿ ನೀಲಿ ಲೈಟು ಹಿಡಿದರು. ಬಣ್ಣದ ಕಾಗದ ಇಟ್ಟು "ಕಚ್ಚಿ, ಕಚ್ಚಿ" ಅಂದು ಎತ್ತರವಾದ ಕಡೆ ಉಜ್ಜಿದರು. ಅಷ್ಟೇ.

"ಮೇಲ್ಗಡೆ ಇನ್ನೊಂದಿದೆ, ಯಾವಾಗ ಬರ್ತೀರಿ?"

"ಹಬ್ಬ ಮುಗೀಲಿ" ಅನ್ನಲು ಹೋದೆ. ತುಟಿ ಕೂಡಲಿಲ್ಲ. "ಹವ್ವ ನುಗೀಲಿ" ಅಂತ ಬಂತು.

"ಯಾವ ಹಬ್ಬ ಸಾರ್?" ಅಂದರು ಡಾಕ್ಟರಮ್ಮ, ಡೈರಿ ತೆರೆಯುತ್ತಾ.