ಮೇಷ್ಟ್ರು ಕೊಟ್ಟ ಪ್ರಶ್ನೆಪತ್ರಿಕೆ

ನಮ್ಮದು ಪೀಣ್ಯದಲ್ಲಿ ಟರ್ನಿಂಗ್, ಗ್ರೈಂಡಿಂಗ್ ಮಾಡುವ ಫ್ಯಾಕ್ಟರಿ. ಖಾಯಂ ಜನ 140, ಕಂಟ್ರಾಕ್ಟ್‌ನವರು 90ರ ಆಸುಪಾಸು. 2023ರ ಜೂನ್‌ವರೆಗೂ ಇಷ್ಟೂ ಜನರ ಹಾಜರಿ, ರಜೆ, ಓಟಿ (ಹೆಚ್ಚುವರಿ ದುಡಿಮೆ) ಲೆಕ್ಕ ಅರ್ಧ ಒಂದು ಎಕ್ಸೆಲ್ ಫೈಲಿನಲ್ಲಿತ್ತು, ಇನ್ನರ್ಧ ಟೈಮ್ ಆಫೀಸಿನ ಹಿರಿಯರೊಬ್ಬರ ತಲೆಯಲ್ಲಿತ್ತು. ಅಕ್ಷರ ಮುತ್ತಿನ ಹಾಗಿದ್ದುದರಿಂದ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಮುಂದಿನ ಮಾರ್ಚ್‌ಗೆ ಅವರು ರಿಟೈರ್. ಫೈಲನ್ನು ಕಾಪಿ ಮಾಡಿಕೊಳ್ಳಬಹುದು, ತಲೆಯನ್ನು ಏನು ಮಾಡುವುದು? ಎಚ್‌ಆರ್ ಸಾಫ್ಟ್‌ವೇರ್ ನೋಡಿ ಅಂತ ಎಂಡಿ ನನಗೆ ಹೇಳಿದ್ದು ಆವಾಗ.

ಮೊದಲ ಎರಡು ಡೆಮೊ ನೋಡಿ ನಾನು ಮರುಳಾಗಿದ್ದೆ. ಬಣ್ಣಬಣ್ಣದ ಚಾರ್ಟು, ಹುಟ್ಟುಹಬ್ಬದ ದಿನ ತಾನಾಗಿಯೇ ಹೋಗುವ ಶುಭಾಶಯ, ರಜೆ ಕೇಳೋಕೆ ಮೊಬೈಲ್ ಆ್ಯಪ್. ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಹೊರಗೆ ಬಂದ ಮೇಲೆ "ಹೇಗಿದೆ ಮೇಷ್ಟ್ರೇ?" ಅಂದೆ.

"ಚೆನ್ನಾಗಿದೆಯಮ್ಮಾ. ಆದ್ರೆ ಇವ್ರು ತೋರಿಸಿದ ಕಂಪನೀಲಿ ಯಾರೂ ರಾತ್ರಿ ಕೆಲಸ ಮಾಡೋ ಹಾಗೆ ಕಾಣಲಿಲ್ಲ."

ನಿಜ. ತೆರೆಯ ಮೇಲಿದ್ದವರೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಆರಕ್ಕೆ ಹೋಗುವವರೇ.

ಮರುದಿನ ಅವರು ಬೀರುವಿನಿಂದ ಹಳೆಯ ಮಸ್ಟರ್ ರೋಲ್, ಅಂದರೆ ಹಾಜರಿ ಪುಸ್ತಕ, ತೆಗೆದು, ಹಿಂದಿನ ವರ್ಷದ ಒಂದೇ ಒಂದು ವಾರ ಆರಿಸಿಕೊಂಡರು. 2022ರ ಅಕ್ಟೋಬರ್ 31ರಿಂದ ಶುರುವಾದ ವಾರ. ಏಳು ಜನ ಒಳಗೆ ಬಂದ, ಹೊರಗೆ ಹೋದ ಪಂಚ್ ಸಮಯವನ್ನು ಬಿಳಿ ಹಾಳೆಯಲ್ಲಿ ಬರೆದು ನನ್ನ ಕೈಗಿಟ್ಟರು. "ಇನ್ನು ಮೇಲೆ ಯಾರೇ ಬರಲಿ, ಅವರದ್ದು ನೋಡೋದು ಬೇಡ. ನಮ್ಮದು ಹಾಕಿ ತೋರಿಸೋಕೆ ಹೇಳಿ."

ಮೂರನೇ ಡೆಮೊಗೆ ಬಂದ ಹುಡುಗ ಲವಲವಿಕೆಯವನು. ಹಾಳೆ ನೋಡಿ "ಇಷ್ಟೇನಾ ಮೇಡಂ?" ಅಂತ ನಕ್ಕ. ಮೊದಲನೆಯವನು ನಮ್ಮ ಸಿ ಶಿಫ್ಟಿನ ಆಪರೇಟರ್. ಸೋಮವಾರ 31ರ ರಾತ್ರಿ ಹತ್ತಕ್ಕೆ ಒಳಗೆ, ಮಂಗಳವಾರ ನವೆಂಬರ್ 1ರ ಬೆಳಿಗ್ಗೆ ಆರಕ್ಕೆ ಹೊರಗೆ. ನವೆಂಬರ್ 1 ರಾಜ್ಯೋತ್ಸವ, ಕರ್ನಾಟಕದ ಕಾರ್ಖಾನೆಗಳಿಗೆ 1963ರ ಕಾನೂನಿನ ಪ್ರಕಾರವೇ ಸಂಬಳ ಸಹಿತ ರಜೆ.

ಗುಂಡಿ ಒತ್ತಿದ. ಸೋಮವಾರ ಒಳಗೆ ಬಂದವನು ಹೊರಗೇ ಹೋಗಿಲ್ಲ ಅಂತ ಅರ್ಧ ದಿನ ಗೈರು. ಮಂಗಳವಾರ ಬೆಳಿಗ್ಗೆ ಆರರ ಪಂಚ್ ಕಂಡು, ರಜೆ ದಿನ ಕೆಲಸಕ್ಕೆ ಬಂದಿದ್ದಾನೆ ಅಂತ ಎರಡು ಪಟ್ಟು ಕೂಲಿ. ಅಂದರೆ ದುಡಿದ ರಾತ್ರಿಗೆ ಕತ್ತರಿ, ಮನೆಯಲ್ಲಿ ಮಲಗಿದ್ದ ಹಗಲಿಗೆ ಡಬಲ್! ಮೇಷ್ಟ್ರು ಅವತ್ತು ಮೊದಲ ಸಲ ನಕ್ಕರು. ಆಗ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯಿದೆಯಲ್ಲಿ 57ನೇ ಸೆಕ್ಷನ್ ಇದಕ್ಕೆಂದೇ ಇತ್ತು. ಶಿಫ್ಟು ಮಧ್ಯರಾತ್ರಿ ದಾಟಿದರೆ, ಹನ್ನೆರಡರ ನಂತರದ ಗಂಟೆಗಳೂ ಹಿಂದಿನ ದಿನದ ಲೆಕ್ಕಕ್ಕೇ ಸೇರಬೇಕು. ಸೆಕ್ಷನ್ ನಂಬರು ಮೇಷ್ಟ್ರಿಗೂ ನೆನಪಿರಲಿಲ್ಲ, ನಾನು ಆಮೇಲೆ ಹುಡುಕಿದ್ದು. ಅವರು ಹೇಳುತ್ತಿದ್ದುದು ಇಷ್ಟೇ: "ಬುತ್ತಿ ಯಾವತ್ತು ಕಟ್ಟಿಕೊಂಡು ಬಂದನೋ ಆವತ್ತಿನ ಹಾಜರಿ."

ಎರಡನೆಯವನದು ಓಟಿ. ತಿಂಗಳಿಗೆ 15,600 ರೂಪಾಯಿ. ವಾರದ ರಜೆ ಬಿಟ್ಟು ಕೆಲಸದ ದಿನ ಅಂತ ನಾವು 26ರಿಂದ ಭಾಗಿಸುತ್ತೇವೆ: ದಿನಕ್ಕೆ 600, ಗಂಟೆಗೆ 75, ಓಟಿ ಎರಡು ಪಟ್ಟಾದ್ದರಿಂದ 150. ಅವನ ಸಾಫ್ಟ್‌ವೇರ್ 30ರಿಂದ ಭಾಗಿಸಿ 130 ತೋರಿಸಿತು. "ಇಪ್ಪತ್ತು ರೂಪಾಯಿ ವ್ಯತ್ಯಾಸ, ಸೆಟ್ಟಿಂಗ್ ಬದಲಾಯಿಸಬಹುದು ಮೇಡಂ" ಅಂದ. ಬದಲಾಯಿಸಬಹುದು, ಸರಿ. ಯಾರೂ ಗಮನಿಸದೆ ಹೋಗಿದ್ದರೆ ಇಪ್ಪತ್ತು ಗಂಟೆ ಓಟಿ ಮಾಡಿದವನಿಗೆ 400 ರೂಪಾಯಿ ಖೋತಾ, ಬಟವಾಡೆ ದಿನ ಟೈಮ್ ಆಫೀಸಿನ ಕಿಟಕಿ ಮುಂದೆ ಜಾತ್ರೆ.

ಮೂರನೆಯವನ ಹೆಸರೇ ಒಳಗೆ ಹೋಗಲಿಲ್ಲ. ಕೊನೆಯ ಹೆಸರು ಕಡ್ಡಾಯವಂತೆ. ಮಂಡ್ಯ, ಹಾಸನದ ಕಡೆಯ ನಮ್ಮ ಹುಡುಗರಿಗೆ ಇರುವುದು ಒಂದು ಹೆಸರು, ಒಂದು ಇನಿಷಿಯಲ್. ಹುಡುಗ ಅಲ್ಲಿ ಒಂದು ಚುಕ್ಕಿ ಹಾಕಿ ಮುಂದೆ ಹೋದ. ನನಗೆ ಎದೆ ಧಸಕ್ ಅಂತು. ಆಧಾರ್‌ನಲ್ಲೊಂದು, ಪಿಎಫ್‌ನಲ್ಲೊಂದು ಹೆಸರು ಇದ್ದವರು ದುಡ್ಡು ತೆಗೆಯಲು ಪಟ್ಟ ಪಾಡು ನನಗೆ ಗೊತ್ತು.

ಊಟವಾದ ಮೇಲೆ ಬೆರಳಚ್ಚಿನ ಮಷೀನ್. ಹುಡುಗನ ಬೆರಳಿಗೆ ತಕ್ಷಣ ಹಸಿರು ದೀಪ. ಮೇಷ್ಟ್ರು ಮಾತಾಡದೆ ಎದ್ದು ಹೋಗಿ, ಗ್ರೈಂಡಿಂಗ್ ಸೆಕ್ಷನ್ನಿನ ಒಬ್ಬರನ್ನು ಕರೆತಂದರು. ಅಷ್ಟು ವರ್ಷ ಕೂಲೆಂಟ್‌ನಲ್ಲಿ ನೆನೆದ, ಲೋಹ ತಾಗಿ ಸವೆದ ಕೈ. ಹೆಬ್ಬೆರಳು, ತೋರುಬೆರಳು, ಎಡಗೈ... ಎಲ್ಲಕ್ಕೂ ಕೆಂಪು. "ನನ್ನ ಬೆರಳು ಸತ್ತೋಗೈತೆ ಬಿಡಿ ಸಾರ್" ಅಂತ ಅವರು ಪ್ಯಾಂಟಿಗೆ ಕೈ ಒರೆಸಿಕೊಂಡು ಹೋದರು. ಅವರು ಹಾಗಂದಿದ್ದು ತಮಾಷೆಗೇ, ನಾವ್ಯಾರೂ ನಗಲಿಲ್ಲ. ಮುಖ ನೋಡಿ ಹಾಜರಿ ಹಾಕುವ ಯಂತ್ರವೇ ಬೇಕು ಅಂತ ಅಲ್ಲೇ ತೀರ್ಮಾನವಾಯಿತು.

ಉಳಿದ ನಾಲ್ವರ ಕಥೆ ಬಿಡಿ. ಕನ್ನಡ ಸಂಬಳದ ಚೀಟಿಯಲ್ಲಿ ಒತ್ತಕ್ಷರಗಳೆಲ್ಲ ಬೇರೆಬೇರೆಯಾಗಿ ಬಿದ್ದಿದ್ದನ್ನೂ ಬಿಡಿ. ಏಳಕ್ಕೆ ಎರಡು ಮಾರ್ಕು.

ಕೊನೆಗೆ ತೆಗೆದುಕೊಂಡದ್ದು ನಾಲ್ಕನೆಯವರದ್ದು. ಅವರೂ ಮೊದಲ ದಿನ ಪಾಸಾಗಲಿಲ್ಲ, ಏಳಕ್ಕೆ ನಾಲ್ಕು. ಆದರೆ ಅವರ ಕಡೆಯಿಂದ ಡೆಮೊಗೆ ಬಂದಿದ್ದ ಹುಡುಗಿ ಹಾಳೆಯ ಫೋಟೋ ತೆಗೆದುಕೊಂಡು, "ರಾತ್ರಿ ಶಿಫ್ಟಿನದು ನಮ್ಮಲ್ಲಿ ಸದ್ಯಕ್ಕೆ ಆಗಲ್ಲ, ಹತ್ತು ದಿನ ಕೊಡಿ" ಅಂದು ಹೋದಳು. ಹತ್ತನೇ ದಿನ ಬಂದಳು. ತೆರೆಯ ಅಂದಚಂದಕ್ಕೆ ನಾನು ಎರಡನೆಯವರಿಗೇ ಮಾರ್ಕು ಕೊಡುತ್ತಿದ್ದೆ, ಸುಳ್ಳು ಹೇಳಲ್ಲ. ತಲೆಗಿಷ್ಟು ಅಂತ ತಿಂಗಳ ಬಾಡಿಗೆ. ಕಂಟ್ರಾಕ್ಟ್‌ನವರನ್ನೂ ಎಣಿಸಬೇಕೋ ಬೇಡವೋ ಅನ್ನುವುದರ ಮೇಲೆ ಎಂಡಿ ಒಂದು ವಾರ ಜಗ್ಗಾಡಿದರು.

ಜುಲೈ ಸಂಬಳವನ್ನು ಹಳೆಯದರಲ್ಲೂ ಹೊಸದರಲ್ಲೂ ಹಾಕಿ ಹೋಲಿಸಿ ನೋಡುವುದು ಅಂತಾಯಿತು. ಆಗಸ್ಟ್ 7ರೊಳಗೆ ಬಟವಾಡೆ. 5ನೇ ತಾರೀಕು ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ 63 ಜನರದ್ದು ತಾಳೆಯಾಗುತ್ತಿಲ್ಲ. ಎಲ್ಲರದ್ದೂ ಸರಿಯಾಗಿ 200 ರೂಪಾಯಿ. ಹೊಸ ಸಾಫ್ಟ್‌ವೇರ್ ವೃತ್ತಿ ತೆರಿಗೆ ಹಿಡಿದೇ ಇರಲಿಲ್ಲ. ಫೋನ್ ಮಾಡಿ ಆ ಹುಡುಗಿಗೆ ಜೋರಾಗಿಯೇ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು, "ಮೇಡಂ, ಏಪ್ರಿಲ್‌ನಿಂದ ಈ ತೆರಿಗೆ ಬೀಳುವ ಸಂಬಳದ ಮಿತಿ ಹದಿನೈದು ಸಾವಿರದಿಂದ ಇಪ್ಪತ್ತೈದು ಸಾವಿರಕ್ಕೆ ಏರಿದೆ. ನಿಮ್ಮ ಎಕ್ಸೆಲ್‌ನಲ್ಲಿ ಎಷ್ಟಿದೆ ನೋಡಿ."

ನೋಡಿದೆ. 15,000 ಅಂತಲೇ ಇತ್ತು. ಏಪ್ರಿಲ್, ಮೇ, ಜೂನ್ ಮೂರು ತಿಂಗಳು 63 ಜನರಿಂದ ಸುಮ್ಮಸುಮ್ಮನೆ 200 ಹಿಡಿದಿದ್ದೆವು. ಆ ಆದೇಶ ನನ್ನ ಮೇಜಿಗೂ ಬಂದಿರಲೇಬೇಕು, ಹಾಗಾಗಿ ಮೇಷ್ಟ್ರನ್ನು ಅನ್ನುವ ಬಾಯಿ ನನಗಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಕೆಂಪು ಇಂಕಿನ ಪೆನ್ನು ಕೇಳಿದರು. ಇಲಾಖೆಗೆ ಹೆಚ್ಚು ಕಟ್ಟಿದ್ದನ್ನು ಸರಿಹೊಂದಿಸುವ ತಲೆನೋವು ಆಡಿಟರಿಗೆ. ನಾವು 63 ಹೆಸರಿನ ಮುಂದೆಯೂ 600 ವಾಪಸು ಬರೆದೆವು.

7ರಂದು ಚೀಟಿ ಕೈಗೆ ಸಿಕ್ಕಾಗ ಕಿಟಕಿಯಾಚೆಯಿಂದ ಒಬ್ಬ ಇಣುಕಿದ. "ಮೇಷ್ಟ್ರೇ, ಇದೇನಿದು ಆರುನೂರು? ದೀಪಾವಳಿ ಇನ್ನೂ ದೂರ ಐತಲ್ಲ?"

"ತಗೊಂಡು ಹೋಗಯ್ಯಾ" ಅಂದರು ಮೇಷ್ಟ್ರು, ತಲೆಯೆತ್ತದೆ.