ಎರಡು ಪಾಸ್‌ಪೋರ್ಟ್ ಇದ್ದವರ ಟಿಕೆಟ್: ಯಾವ ಕೌಂಟರ್‌ಗೆ ಯಾವುದು?

ಎರಡು ಪಾಸ್‌ಪೋರ್ಟಿನ ಗಿರಾಕಿ ಟಿಕೆಟ್ ಡೆಸ್ಕಿಗೆ ಬಂದರೆ ಮೊದಲು ಕೇಳಬೇಕಾದದ್ದು: ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರು ವೀಸಾ ಇಲ್ಲದೆ ಬರಲು ಭಾರತ ಕೊಡುವ ಕಾರ್ಡ್) ಯಾವ ಪಾಸ್‌ಪೋರ್ಟಿನ ಮೇಲಿದೆ?

ಭಾರತೀಯ ಪಾಸ್‌ಪೋರ್ಟ್ ಈ ಲೆಕ್ಕಕ್ಕೇ ಬರುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ತಾವಾಗಿ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿಯದು ಹೋಯಿತು. ಅವಧಿ ಬಾಕಿ ಇದ್ದರೂ ಸರೆಂಡರ್ ಮಾಡಲೇಬೇಕು.

ಪದೇಪದೇ ಎದುರಾಗುವ ಕೇಸು ಇಂಥದ್ದು. ಬೆಂಗಳೂರಿನವರು ಕೆನಡಾ ಪ್ರಜೆಯಾಗಿ, ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಮೆರಿಕದ ಪೌರತ್ವವನ್ನೂ ಪಡೆದಿದ್ದಾರೆ. ಒಸಿಐ ಮಾತ್ರ ಇನ್ನೂ ಕೆನಡಾ ಪಾಸ್‌ಪೋರ್ಟಿನ ಮೇಲಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ್ದನ್ನಷ್ಟೇ ತೋರಿಸಿದರೆ ಏರ್‌ಲೈನ್ ಸಿಬ್ಬಂದಿ ಭಾರತದ ವೀಸಾ ಕೇಳುತ್ತಾರೆ. ಒಸಿಐ ಕೊಟ್ಟರೆ ಅದರ ಮೇಲಿನ ರಾಷ್ಟ್ರೀಯತೆ, ಪಾಸ್‌ಪೋರ್ಟ್ ನಂಬರು ಎರಡೂ ತಾಳೆಯಾಗುವುದಿಲ್ಲ. ಅಲ್ಲೇ ತಡೆ. ಹಾಗಂತ ಅಮೆರಿಕದ್ದನ್ನು ಮನೆಯಲ್ಲಿ ಬಿಟ್ಟು ಹೊರಡುವಂತಿಲ್ಲ: ಅಮೆರಿಕ ಪ್ರಜೆ ಆ ದೇಶ ಬಿಡುವಾಗಲೂ ಮರಳುವಾಗಲೂ ಅದೇ ಪಾಸ್‌ಪೋರ್ಟ್ ಹೊಂದಿರಬೇಕೆಂಬುದು ಅಲ್ಲಿನ ಕಾನೂನು. ಆದ್ದರಿಂದ ಚೆಕ್-ಇನ್‌ನಲ್ಲಿ ಎರಡೂ ಪಾಸ್‌ಪೋರ್ಟ್, ಒಸಿಐ ಒಟ್ಟಿಗೆ ಮುಂದಿಡಲಿ. ಬೆಂಗಳೂರಿನ ಇಮಿಗ್ರೇಷನ್‌ನಲ್ಲಿ ಕೆನಡಾ ಪಾಸ್‌ಪೋರ್ಟ್, ಒಸಿಐ ಮಾತ್ರ.

ಬೆಂಗಳೂರಿನಿಂದ ಅಮೆರಿಕಕ್ಕೆ ವಾಪಸ್ ಹೊರಡುವಾಗ ಎಡವುವವರೇ ಜಾಸ್ತಿ. ಏರ್‌ಲೈನ್ ಕೌಂಟರ್‌ಗೆ ಅಮೆರಿಕದ್ದು. ಹತ್ತು ಹೆಜ್ಜೆ ಆಚೆ ಇಮಿಗ್ರೇಷನ್‌ಗೆ ಒಳಬಂದಾಗ ತೋರಿಸಿದ ಕೆನಡಾದ್ದೇ. ಕೈಯಲ್ಲಿದ್ದ ಅಮೆರಿಕದ್ದನ್ನೇ ಅಲ್ಲೂ ಕೊಟ್ಟರೆ, ಒಳಬಂದ ದಾಖಲೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಮೊದಲೇ ಬಿಡಿಸಿ ಹೇಳಿ, ಬೇಕಾದರೆ ಚೀಟಿಯಲ್ಲಿ ಬರೆದುಕೊಡಿ.

ವೆಬ್ ಚೆಕ್-ಇನ್ ಇಂಥವರಿಗೆ ಬೇಡವೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಹಿಂದಿನ ಪ್ರಯಾಣದಲ್ಲಿ ಉಳಿದಿದ್ದ ಪಾಸ್‌ಪೋರ್ಟ್ ವಿವರವನ್ನೇ ಅದು ತುಂಬಿಬಿಡಬಹುದು.

ಕೆನಡಾಕ್ಕೆ ವಿಮಾನ ಹತ್ತಲು ಅಲ್ಲಿನ ಪ್ರಜೆಗಳಿಗೆ 2016ರ ನವೆಂಬರ್‌ನಿಂದ ಕೆನಡಾ ಪಾಸ್‌ಪೋರ್ಟೇ ಬೇಕು. ಅಮೆರಿಕದ ಪೌರತ್ವವೂ ಇದ್ದವರಿಗೆ ಮಾತ್ರ ಅಮೆರಿಕದ್ದು ನಡೆಯುತ್ತದೆ. ಬ್ರಿಟನ್ ಕೂಡ 2026ರ ಫೆಬ್ರವರಿ 25ರಿಂದ ಬಿಗಿ ಮಾಡಿದೆ. ಬ್ರಿಟಿಷ್ ಪ್ರಜೆಗೆ ಇಟಿಎ (ವೀಸಾ ಬೇಡದ ದೇಶದವರು ಹೊರಡುವ ಮುನ್ನ ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣ ಅನುಮತಿ) ಸಿಗುವುದಿಲ್ಲ, ಹಾಗಾಗಿ ಇನ್ನೊಂದು ದೇಶದ ಪಾಸ್‌ಪೋರ್ಟಿನಲ್ಲಿ ಸುಮ್ಮನೆ ಹೋಗಿಬರುವ ರೂಢಿ ಇನ್ನು ನಡೆಯದು.

ಕೊನೆಯದು ಹೆಸರು. ನಮ್ಮವರ ಇನಿಷಿಯಲ್ ಒಂದು ದೇಶದಲ್ಲಿ ಅಪ್ಪನ ಹೆಸರಾಗಿ, ಇನ್ನೊಂದರಲ್ಲಿ ಊರ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಟಿಕೆಟ್ ತೆಗೆಯುವ ಮುನ್ನ ಎರಡೂ ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗಿನ ಕೋಡ್ ಸಾಲುಗಳನ್ನು ಅಕ್ಷರಕ್ಕಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಹೆಸರು ಬದಲಿಸಿದ ಕೋರ್ಟ್ ಆದೇಶ ಅಥವಾ ಮದುವೆ ಸರ್ಟಿಫಿಕೇಟ್‌ನ ಮೂಲಪ್ರತಿ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಲ್ಲ.